ಮಕ್ಕಳ ಕೈ ಹಿಡಿದು ಬೀದಿಗಿಳಿಯುವುದು: ಟ್ರಾನ್ಸ್ ಅಪ್ಪ-ಅಮ್ಮಂದಿರಿಗೆ ಹಂತ ಹಂತದ ಮಾರ್ಗದರ್ಶಿ

ಕಳೆದ ಒಂದು ವರ್ಷದಲ್ಲಿ ನಾಲ್ಕು ಜನ ಟ್ರಾನ್ಸ್ ಪೋಷಕರು ನನಗೆ ಫೋನ್ ಮಾಡಿ ಒಂದೇ ಮಾತು ಹೇಳಿದರು. "ಮಕ್ಕಳನ್ನು ಕರೆದುಕೊಂಡು ಹೊರಗೆ ಹೋದೆ, ಅರ್ಧದಲ್ಲೇ ವಾಪಸ್ ಬಂದೆ, ಇನ್ನು ಹೋಗಲ್ಲ." ಎಲ್ಲಿಗೆ ಹೋಗಿದ್ರಿ ಅಂತ ಕೇಳಿದೆ. ಒಬ್ಬರು ಶಾಲೆಯ ವಾರ್ಷಿಕೋತ್ಸವಕ್ಕೆ. ಒಬ್ಬರು ದಸರಾ ವಸ್ತುಪ್ರದರ್ಶನಕ್ಕೆ. ಇನ್ನೊಬ್ಬಳು ಭಾನುವಾರ ಸಂಜೆ ದೇವರಾಜ ಮಾರ್ಕೆಟ್ಟಿಗೆ. ನಾಲ್ಕನೆಯವನು ಟ್ರಾನ್ಸ್ ಅಪ್ಪ (ಹುಟ್ಟಿದಾಗ ಹೆಣ್ಣು ಅಂದಿದ್ದರು, ಈಗ ಗಂಡಾಗಿ ಬದುಕುತ್ತಾನೆ), ಅವನು ಹೋಗಿದ್ದು ಅಣ್ಣನ ಮಗಳ ಮದುವೆಗೆ. ಈಜು ಬಾರದವರು ಸೀದಾ ಕೆರೆ ನಡುವಿಗೆ ಹಾರಿದ ಹಾಗಾಯ್ತು, ಅಲ್ವಾ?

ನಾನು ಮೈಸೂರಿನವಳು, ಟ್ರಾನ್ಸ್ ಮಹಿಳೆ: ಹುಟ್ಟಿದಾಗ ಗಂಡು ಅಂದಿದ್ದರು, ಈಗ ಹೆಣ್ಣಾಗಿ ಬದುಕುತ್ತಿದ್ದೇನೆ. ಮಗಳಿಗೆ 7, ಮಗನಿಗೆ 4. ಮಕ್ಕಳ ಅಮ್ಮ ಮತ್ತು ನಾನು ಈಗ ಬೇರೆ ಬೇರೆ ಮನೆ, ಒಂದೇ ಬಡಾವಣೆ. ವಾರದಲ್ಲಿ ನಾಲ್ಕು ದಿನ ಮಕ್ಕಳು ನನ್ನ ಜೊತೆ ಇರುತ್ತಾರೆ. ಮೊದಲ ಆರು ತಿಂಗಳು ನಾನೂ ಇದೇ ತಪ್ಪು ಮಾಡಿದೆ: ಧೈರ್ಯ ಬರಲಿ ಅಂತ ವಾರಗಟ್ಟಲೆ ಮನೆಯಲ್ಲಿ ಕೂರುವುದು, ಆಮೇಲೆ ಒಂದಿನ ತಡೆಯಲಾರದೆ ಎಲ್ಲಕ್ಕಿಂತ ಕಷ್ಟದ ಜಾಗಕ್ಕೇ ನುಗ್ಗುವುದು, ಸೋತು ಬಂದು ಮತ್ತೆ ಬಾಗಿಲು ಹಾಕಿಕೊಳ್ಳುವುದು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ಕೆಲಸ ಕೆಡುತ್ತದೆ. ಒಂದೊಂದು ಹಂತಕ್ಕೆ ಎರಡು ವಾರ ಬೇಕಾದರೂ ಬೇಕು, ಎರಡು ತಿಂಗಳಾದರೂ ಆಗಬಹುದು.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಮಕ್ಕಳು ಯಾರ ಬಳಿ ಇರಬೇಕು ಅಂತ ಕೋರ್ಟಿನಲ್ಲಿ ಕೇಸು ನಡೆಯುತ್ತಿದ್ದರೆ ಇದನ್ನು ಇಲ್ಲಿಗೇ ನಿಲ್ಲಿಸಿ, ಮೊದಲು ವಕೀಲರ ಹತ್ತಿರ ಮಾತಾಡಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕೋರ್ಟಿನಲ್ಲೇ ಇರುವ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ.

ಹಂತ 1: ನಿಮ್ಮನ್ನು ಏನಂತ ಕರೆಯಬೇಕು

ಎಲ್ಲರೂ ಬಟ್ಟೆಯಿಂದ ಶುರು ಮಾಡುತ್ತಾರೆ. ಬೇಡ. ಬೀದಿಯಲ್ಲಿ ಹತ್ತು ತಲೆ ನಿಮ್ಮ ಕಡೆ ತಿರುಗುವಂತೆ ಮಾಡುವುದು ನಿಮ್ಮ ಸೀರೆ ಅಲ್ಲ, ನಾಲ್ಕು ವರ್ಷದ ಮಗು ಗಟ್ಟಿಯಾಗಿ ಕೂಗುವ "ಅಪ್ಪಾ!" ಟ್ರಾನ್ಸ್ ಅಪ್ಪಂದಿರಿಗೆ ಇದು ಉಲ್ಟಾ. ಗಡ್ಡ ಬಿಟ್ಟವನ ಕಡೆ ನೋಡಿ ಮಗು "ಅಮ್ಮಾ, ಸುಸ್ಸು" ಅನ್ನುತ್ತದೆ.

ಆದ್ದರಿಂದ ಹೆಸರು ಮೊದಲು ಮನೆಯಲ್ಲಿ ಪಳಗಬೇಕು. ಹೆಸರನ್ನು ನೀವೇ ಹೇರಬೇಡಿ, ಮಕ್ಕಳನ್ನೂ ಕೂರಿಸಿಕೊಂಡು ಆರಿಸಿ. ನಮ್ಮ ಮನೆಯಲ್ಲಿ ಅಮ್ಮ ಆಗಲೇ ಇದ್ದಾಳೆ, ಅವಳ ಹೆಸರು ಕಿತ್ತುಕೊಳ್ಳುವುದು ನ್ಯಾಯ ಅಲ್ಲ. ನಾನು ನನ್ನ ತಾಯಿಯನ್ನು "ಅವ್ವ" ಅನ್ನುವುದನ್ನು ಕೇಳಿ ಕೇಳಿ ಮಗಳೇ ಒಂದಿನ "ಹಂಗಾದ್ರೆ ನೀನು ನಮಗೆ ಅವ್ವ" ಅಂದಳು. ಒಂದು ಅಮ್ಮ, ಒಂದು ಅವ್ವ. ಕೇಳುವವರಿಗೂ ಗೊಂದಲ ಇಲ್ಲ. ಕೆಲವರ ಮನೆಯಲ್ಲಿ ಮಕ್ಕಳು ಹೊಸ ಹೆಸರನ್ನೇ ಹಿಡಿದು ಕರೆಯುತ್ತಾರೆ, ಅದೂ ಸರಿಯೇ.

ಹೊಸ ಹೆಸರು ಊಟಕ್ಕೆ ಕೂತಾಗ, ಸ್ನಾನ ಮಾಡಿಸುವಾಗ, ಜಗಳ ಆಡುವಾಗ ತಾನಾಗಿ ಬರುವವರೆಗೆ ಕಾಯಿರಿ. ನಮಗೆ ಐದು ವಾರ ಹಿಡಿಯಿತು.

ಇಲ್ಲಿ ಆಗುವ ತಪ್ಪು: ಮಗು ಹಳೇ ಹೆಸರು ಕೂಗಿದಾಗ ಬೀದಿಯಲ್ಲೇ ಗದರುವುದು, ಬಾಯಿ ಮುಚ್ಚುವುದು. ನಾನು ಒಮ್ಮೆ ಮಾಡಿದ್ದೇನೆ. ಆಮೇಲೆ ಒಂದು ವಾರ ಮಗ ಹೊರಗೆ ನನ್ನನ್ನು ಏನಂತಲೂ ಕರೆಯಲಿಲ್ಲ, ಸೆರಗು ಜಗ್ಗುತ್ತಿದ್ದ, ಅಷ್ಟೇ. ಮಗಳು ಈಗಲೂ ಸೈಕಲ್ಲಿಂದ ಬಿದ್ದರೆ "ಅಪ್ಪಾ" ಅಂತಲೇ ಅಳುತ್ತಾಳೆ. ಓಡಿ ಹೋಗಿ ಎತ್ತಿಕೊಳ್ಳುತ್ತೇನೆ. ಮಂಡಿ ಕಿತ್ತುಹೋದಾಗ ವ್ಯಾಕರಣ ತಿದ್ದುವವರು ಯಾರು?

ಹಂತ 2: ಮಕ್ಕಳಿಗೆ ಒಂದೇ ಒಂದು ವಾಕ್ಯ

ಹೊರಗಿನವರು ನಿಮ್ಮನ್ನು ಕೇಳುವುದಕ್ಕಿಂತ ಮೊದಲು ಮಕ್ಕಳನ್ನು ಕೇಳುತ್ತಾರೆ. ಲಿಫ್ಟಿನಲ್ಲಿ, ಅಂಗಡಿಯಲ್ಲಿ, ಶಾಲೆ ವ್ಯಾನಿನಲ್ಲಿ. "ಇವರು ನಿಂಗೇನಾಗಬೇಕು ಪುಟ್ಟಾ?" ಆಗ ಮಗುವಿನ ಬಾಯಲ್ಲಿ ಒಂದು ಸಿದ್ಧ ಉತ್ತರ ಇರಬೇಕು, ಉದ್ದದ್ದು ಬೇಡ.

ಮೂರು-ನಾಲ್ಕು ವರ್ಷದವರಿಗೆ "ಇವರು ನಮ್ಮವ್ವ" ಸಾಕು. ಐದಾರು ವರ್ಷದವರಿಗೆ "ಮೊದಲು ಎಲ್ಲರೂ ಅಪ್ಪ ಅಂತಿದ್ರು, ಈಗ ಅವ್ವ ಅಂತೀವಿ". ಏಳೆಂಟು ವರ್ಷ ದಾಟಿದವರಿಗೆ ಟ್ರಾನ್ಸ್ ಅನ್ನುವ ಪದವನ್ನೇ ಹೇಳಿಕೊಡಿ. ಯಾಕೆಂದರೆ ಆ ವಯಸ್ಸಿಗೆ ಶಾಲೆಯಲ್ಲಿ ಬೇರೆ ಪದಗಳು ಕಿವಿಗೆ ಬಿದ್ದಿರುತ್ತವೆ, ಆ "ಒಂಬತ್ತು", "ಚಕ್ಕಾ" ಎಲ್ಲ. ಬೈಗುಳಕ್ಕಿಂತ ಮೊದಲು ಸರಿಯಾದ ಪದ ಗೊತ್ತಿದ್ದರೆ ಮಗು ಮನೆಗೆ ಬಂದು ಕೇಳುತ್ತದೆ. ಗೊತ್ತಿಲ್ಲದಿದ್ದರೆ ಒಳಗೇ ಇಟ್ಟುಕೊಳ್ಳುತ್ತದೆ.

ಜೊತೆಗೆ ಇನ್ನೊಂದು ಮಾತು ಕಲಿಸಿ: "ಅವ್ವನ್ನೇ ಕೇಳಿ." ಉತ್ತರ ಕೊಡುವುದು ಮಗುವಿನ ಕೆಲಸ ಅಲ್ಲ ಅಂತ ಮಗುವಿಗೆ ಗೊತ್ತಿರಬೇಕು. ನಿಮ್ಮ ಪರವಾಗಿ ಜಗಳ ಆಡುವ ಮಗುವನ್ನು ನೋಡಿ ಹೆಮ್ಮೆ ಅನಿಸುತ್ತದೆ, ನನಗೂ ಅನಿಸಿತ್ತು. ಅದು ಹೆಮ್ಮೆಯ ವಿಷಯ ಅಲ್ಲ. ಏಳು ವರ್ಷದ ಹುಡುಗಿ ಕಾವಲು ಕಾಯುತ್ತಿದ್ದಾಳೆ ಅಂದರೆ ಅವಳು ಆಡುತ್ತಿಲ್ಲ.

ನಮ್ಮ ಮನೆಯಲ್ಲಿ ಒಂದು ಗುಟ್ಟಿನ ಪದ ಇದೆ: "ಬೆಲ್ಲ". ಮಕ್ಕಳಿಗೆ ಭಯವಾದರೆ, ಯಾರಾದರೂ ಹಿಂಸೆ ಮಾಡಿದರೆ "ಬೆಲ್ಲ ಬೇಕು" ಅನ್ನಬೇಕು. ಅಂದ ಐದು ನಿಮಿಷದೊಳಗೆ ನಾನು ಅಲ್ಲಿಂದ ಹೊರಡಬೇಕು, ಪ್ರಶ್ನೆ ಕೇಳುವ ಹಾಗಿಲ್ಲ. ಮಗ ಇದನ್ನು ತರಕಾರಿ ಅಂಗಡಿಯಲ್ಲಿ ಬೇಜಾರಾದಾಗಲೂ ಬಳಸುತ್ತಾನೆ. ಆದರೂ ಹೊರಡುತ್ತೇನೆ. ಒಮ್ಮೆ ಮಾತು ಮುರಿದರೆ ಆ ಪದ ಸತ್ತು ಹೋಗುತ್ತದೆ.

ಹಂತ 3: ಚೀಲ ಕಟ್ಟುವುದು

ಈ ಹಂತವನ್ನು ಜನ ಹಾರಿಸುತ್ತಾರೆ. ದಯವಿಟ್ಟು ಹಾರಿಸಬೇಡಿ, ಕಾರಣ ಹೇಳುತ್ತೇನೆ. 2018ರ ಮೇ ತಿಂಗಳಲ್ಲಿ ಹೈದರಾಬಾದಿನಲ್ಲಿ ಮಕ್ಕಳ ಕಳ್ಳರು ಅನ್ನುವ ವಾಟ್ಸಾಪ್ ವದಂತಿ ನಂಬಿದ ಗುಂಪೊಂದು ಒಬ್ಬ ಟ್ರಾನ್ಸ್ ಮಹಿಳೆಯನ್ನು ಹೊಡೆದು ಕೊಂದಿತು. ಅದೇ ವರ್ಷ ಜುಲೈನಲ್ಲಿ ನಮ್ಮ ಬೀದರ್ ಜಿಲ್ಲೆಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರು ಅನ್ನುವುದರಿಂದ ಶುರುವಾಗಿ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಹೋಯಿತು. ಅಳುವ ಮಗುವನ್ನು ಎತ್ತಿಕೊಂಡು ನಡೆಯುವ ಟ್ರಾನ್ಸ್ ವ್ಯಕ್ತಿಯನ್ನು ಕಂಡರೆ ಕೆಲವರ ತಲೆಗೆ ಮೊದಲು ಬರುವುದು ಆ ವದಂತಿಯೇ. ಹಾಗಾಗಿ ಈ ಮಗು ನಿಮ್ಮದು ಅಂತ ಒಂದು ನಿಮಿಷದಲ್ಲಿ ತೋರಿಸಲು ಆಗಬೇಕು.

ಚೀಲದಲ್ಲಿ ಇರಬೇಕಾದದ್ದು: ನಿಮ್ಮ ಆಧಾರ್. ಮಕ್ಕಳ ಜನನ ಪ್ರಮಾಣಪತ್ರದ ಜೆರಾಕ್ಸ್. ಮೂರನೆಯದನ್ನೇ ಎಲ್ಲರೂ ಮರೆಯುವುದು: ನಿಮ್ಮ ಹಳೇ ಹೆಸರು ಮತ್ತು ಹೊಸ ಹೆಸರು ಎರಡೂ ಇರುವ ಒಂದು ಕಾಗದ. ಅಫಿಡವಿಟ್ ಆಗಲಿ, ಹೆಸರು ಬದಲಾವಣೆಯ ಗೆಜೆಟ್ ಪ್ರತಿ ಆಗಲಿ. ಜನನ ಪತ್ರದಲ್ಲಿ ಹಳೇ ಹೆಸರು, ಆಧಾರ್‌ನಲ್ಲಿ ಹೊಸ ಹೆಸರು ಇದ್ದು ನಡುವಿನ ಈ ಕೊಂಡಿ ಇಲ್ಲದಿದ್ದರೆ ಉಳಿದ ಕಾಗದ ಎಲ್ಲ ನಿಮಗೇ ತಿರುಗುತ್ತವೆ. ಟ್ರಾನ್ಸ್‌ಜೆಂಡರ್ ಗುರುತಿನ ಪ್ರಮಾಣಪತ್ರ ಇದ್ದರೆ ಅದೂ ಇರಲಿ. ಇಲ್ಲದಿದ್ದರೆ ಕೇಂದ್ರ ಸರ್ಕಾರದ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಬಹುದು, ಕೊಡುವುದು ಜಿಲ್ಲಾಧಿಕಾರಿ. ನಿಯಮಗಳು ಬದಲಾಗುತ್ತಿರುತ್ತವೆ, ಹಾಕುವ ದಿನ ಪೋರ್ಟಲ್ಲಿನಲ್ಲಿ ಏನಿದೆಯೋ ಅದನ್ನೇ ಓದಿ, ಪರಿಚಯದವರು ಎರಡು ವರ್ಷದ ಹಿಂದೆ ಮಾಡಿಸಿದ ರೀತಿ ಅಲ್ಲ.

ತಂಗಿಯ ಮಗುವನ್ನೋ ಗೆಳತಿಯ ಮಗುವನ್ನೋ ಸಾಕುತ್ತಿದ್ದರೆ, ಹೆತ್ತವರು ಸಹಿ ಮಾಡಿದ ಒಪ್ಪಿಗೆ ಪತ್ರ ಇರಲಿ, ಅದರಲ್ಲಿ ಅವರ ಫೋನ್ ನಂಬರ್ ಇರಲಿ. ಹಿಜ್ರಾ ಮನೆಗಳಲ್ಲಿ ಬೆಳೆಯುವ ಮಕ್ಕಳ ವಿಷಯದಲ್ಲಿ ಇದು ಇನ್ನೂ ಜಾಸ್ತಿ ಮುಖ್ಯ. ಅನುಮಾನ ಮೊದಲು ಬರುವುದು ಆ ಮನೆಗಳ ಮೇಲೇ.

ಫೋನಿನಲ್ಲಿ ಒಂದು ಆಲ್ಬಂ ಮಾಡಿಡಿ: ಮಗು ಹುಟ್ಟಿದ ದಿನ, ನಾಮಕರಣ, ಮೊದಲ ಹುಟ್ಟುಹಬ್ಬ, ಈಗಿನದು. ಹಳೇ ಫೋಟೋದಲ್ಲಿ ನಿಮ್ಮನ್ನು ನೋಡಲು ನಿಮಗೆ ಇಷ್ಟ ಇರಲಿಕ್ಕಿಲ್ಲ, ಗೊತ್ತು. ಆದರೂ ಇರಲಿ. ಗುಂಪಿನಲ್ಲಿ ಕಾಗದ ಓದುವವರಿಗಿಂತ ಫೋಟೋ ನೋಡುವವರು ಜಾಸ್ತಿ.

ಮಿಕ್ಕಿದ್ದು ಎಲ್ಲ ತಾಯಂದಿರ ಚೀಲದಲ್ಲಿ ಇರುವಂಥದ್ದೇ. ನೀರು, ಬಿಸ್ಕತ್ತು, ಒಂದು ಜೊತೆ ಚಡ್ಡಿ, ಚಿಲ್ಲರೆ, ಪೂರ್ತಿ ಚಾರ್ಜ್ ಆದ ಫೋನು. ಬಿಸ್ಕತ್ತನ್ನು ತಮಾಷೆ ಅಂದುಕೊಳ್ಳಬೇಡಿ. ಹಸಿದ ಮಗು ರಚ್ಚೆ ಹಿಡಿಯುತ್ತದೆ, ರಚ್ಚೆ ಹಿಡಿದರೆ ಜನ ಸೇರುತ್ತಾರೆ.

ಬಟ್ಟೆ: ಮನೆಯಲ್ಲಿ ಹತ್ತು ದಿನ ಹಾಕಿ ಓಡಾಡಿ ಅಭ್ಯಾಸವಾದದ್ದನ್ನೇ ಹಾಕಿ. ಮೊದಲ ಸಲಕ್ಕೆ ಸೀರೆ ಬೇಡ ಅಂತ ನನ್ನ ಸಲಹೆ. ನಾಲ್ಕು ವರ್ಷದವನು ನೆರಿಗೆ ಹಿಡಿದು ನೇತಾಡಿದರೆ ಮುಗೀತು. ಚೂಡಿದಾರ್, ಓಡಲು ಬರುವ ಚಪ್ಪಲಿ. ವಿಗ್ ಹಾಕುವವರು ಮಗುವನ್ನು ಹೆಗಲ ಮೇಲೆ ಕೂರಿಸಬೇಡಿ, ಯಾಕೆ ಅಂತ ಹೇಳಬೇಕಿಲ್ಲ.

ದನಿಗೆ ಒಂದು ಉಪಾಯ: ರಾತ್ರಿ ಮಲಗುವಾಗ ಮಕ್ಕಳಿಗೆ ಕಥೆ ಗಟ್ಟಿಯಾಗಿ ಓದಿ, ಹೊರಗೆ ಯಾವ ದನಿಯಲ್ಲಿ ಮಾತಾಡಬೇಕು ಅಂದುಕೊಂಡಿದ್ದೀರೋ ಅದೇ ದನಿಯಲ್ಲಿ. ದಿನಕ್ಕೆ ಕಾಲು ಗಂಟೆ. ಮಕ್ಕಳ ಕಿವಿಗೂ ಆ ದನಿ ಮನೆಯದಾಗುತ್ತದೆ.

ಹಂತ 4: ಒಂದೇ ಜಾಗ, ಒಂದೇ ಹೊತ್ತು, 20 ನಿಮಿಷ

ಈಗ ಹೊರಗೆ. ಮೊದಲ ಜಾಗಕ್ಕೆ ನಾಲ್ಕು ಗುಣ ಇರಬೇಕು: ಮನೆಗೆ ಹತ್ತಿರ, ಬಯಲು, ಹೊರಬರಲು ಎರಡು ದಾರಿ, ಮಕ್ಕಳಿಗೆ ಮಾಡಲು ಏನಾದರೂ ಕೆಲಸ. ಬೆಳಗ್ಗೆ ಹಾಲಿನ ಬೂತ್ ಆಗಬಹುದು. ಬಡಾವಣೆ ಪಾರ್ಕ್ ಆಗಬಹುದು. ನಾನು ಆರಿಸಿದ್ದು ಕುಕ್ಕರಹಳ್ಳಿ ಕೆರೆ ದಂಡೆ. ಬೆಳಗ್ಗೆ ವಾಕಿಂಗಿಗೆ ಬರುವವರು ಅವರವರ ಸಕ್ಕರೆ ಕಾಯಿಲೆ ಚಿಂತೆಯಲ್ಲಿ ಬಿರಬಿರನೆ ಹೋಗುತ್ತಿರುತ್ತಾರೆ, ನಿಂತು ನೋಡುವವರು ಕಡಿಮೆ. ಮಕ್ಕಳು ಹಕ್ಕಿ ನೋಡುತ್ತಾರೆ.

20 ನಿಮಿಷ, ಮುಗೀತು. ಚೆನ್ನಾಗಿದೆ, ಇನ್ನೂ ಸ್ವಲ್ಪ ಹೊತ್ತು ಇರೋಣ ಅನಿಸಿದರೂ ವಾಪಸ್ ಬನ್ನಿ. ಮುಂದಿನ ಸಲವೂ ಅದೇ ಜಾಗ, ಅದೇ ಹೊತ್ತು. ವಾರಕ್ಕೆ ಮೂರು ಸಲ, ಕಡಿಮೆ ಅಂದರೆ ಮೂರು ವಾರ.

ಯಾಕೆ ಅದೇ ಜಾಗ? ಜನ ದುರುಗುಟ್ಟಿ ನೋಡುವುದು ಹೊಸದನ್ನು. ಮೊದಲ ದಿನ ಜೋಳ ಸುಡುವ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಎರಡನೇ ಸಲವೂ ನೋಡಿದಳು. ಐದನೇ ಸಲಕ್ಕೆ ಮಗನ ಕೆನ್ನೆ ಹಿಂಡಿ "ಎರಡಾ, ಮೂರಾ?" ಅಂದಳು. ಅಷ್ಟೊತ್ತಿಗೆ ನಾನು ಅವಳಿಗೆ ಗಿರಾಕಿ. ಪ್ರತಿ ಸಲ ಹೊಸ ಜಾಗಕ್ಕೆ ಹೋಗುವವರಿಗೆ ಪ್ರತಿದಿನವೂ ಮೊದಲ ದಿನವೇ, ಅವರು ಸುಸ್ತಾಗಿ ಬಿಟ್ಟುಬಿಡುವುದರಲ್ಲಿ ಆಶ್ಚರ್ಯ ಇಲ್ಲ.

ಮೊದಲ ಎರಡು ಸಲ ಇನ್ನೊಬ್ಬರು ದೊಡ್ಡವರು ಜೊತೆಗಿರಲಿ. ಆಮೇಲೆ ಅವರು ನೂರು ಹೆಜ್ಜೆ ದೂರ ಇರಲಿ. ಆಮೇಲೆ ಫೋನಿನಲ್ಲಿ ಸಿಕ್ಕರೆ ಸಾಕು.

ಜಾಗ ದೊಡ್ಡದು ಮಾಡುತ್ತಾ ಹೋಗುವ ಕ್ರಮ ನನ್ನದು ಹೀಗಿತ್ತು: ಕೆರೆ, ಬಡಾವಣೆ ಪಾರ್ಕ್, ಮನೆ ಹತ್ತಿರದ ಕಿರಾಣಿ ಅಂಗಡಿ, ವಾರದ ದಿನ ಮೃಗಾಲಯ, ಸಿಟಿ ಬಸ್ಸು, ಕೊನೆಗೆ ದೇವರಾಜ ಮಾರ್ಕೆಟ್. ಮೃಗಾಲಯ ಸುಲಭ, ಜನ ನೋಡಲು ಅಲ್ಲಿ ಜಿರಾಫೆ ಇದೆ. ಮಂಗಳವಾರ ರಜೆ, ನಾನು ಒಮ್ಮೆ ಮಂಗಳವಾರವೇ ಹೋಗಿ ಗೇಟಿನಲ್ಲಿ ಇಬ್ಬರನ್ನೂ ಸಮಾಧಾನ ಮಾಡಬೇಕಾಯಿತು. ಮಾರ್ಕೆಟ್ ಕಷ್ಟ: ಇಕ್ಕಟ್ಟು, ಗದ್ದಲ, ತೋಳು ತಾಗುತ್ತದೆ, ಬೇಗ ಹೊರಬರಲು ಆಗುವುದಿಲ್ಲ.

ಹಂತ 5: ಬಾಯಿಪಾಠ ಮಾಡಬೇಕಾದ ಉತ್ತರಗಳು

ಆ ಕ್ಷಣದಲ್ಲಿ ಏನಾದರೂ ಹೊಳೆಯುತ್ತದೆ ಅಂತ ನಂಬಬೇಡಿ. ಹೊಳೆಯುವುದಿಲ್ಲ. ಕನ್ನಡಿ ಮುಂದೆ ಅಲ್ಲ, ಪಾತ್ರೆ ತೊಳೆಯುವಾಗ ಗಟ್ಟಿಯಾಗಿ ಹೇಳಿಕೊಂಡು ಕಲಿಯಿರಿ. ಕೈಯಲ್ಲಿ ಕೆಲಸ ಇರುವಾಗಲೂ ಬಾಯಿಗೆ ಬರಬೇಕು.

"ಇವು ಯಾರ ಮಕ್ಕಳು?" ಅಂದರೆ: "ನಂದೇ. ಇವಳು ಎರಡನೇ ಕ್ಲಾಸು, ಇವನು ಎಲ್‌ಕೆಜಿ. ನಿಮ್ಮನೆ ಇಲ್ಲೇನಾ?" ಉತ್ತರದ ಬಾಲಕ್ಕೆ ಒಂದು ಪ್ರಶ್ನೆ ಕಟ್ಟಿಬಿಡಿ. ನೂರಕ್ಕೆ ತೊಂಬತ್ತು ಜನ ಅವರ ಮೊಮ್ಮಕ್ಕಳ ಕಥೆ ಶುರು ಮಾಡುತ್ತಾರೆ. ನಮ್ಮೂರಿನ ಕುತೂಹಲದಲ್ಲಿ ಬಹಳಷ್ಟು ಬರೀ ಕುತೂಹಲವೇ, ಅದನ್ನು ದ್ವೇಷ ಅಂತ ಓದಿಕೊಂಡು ನಾನು ಎಷ್ಟೋ ದಿನ ಹಾಳು ಮಾಡಿಕೊಂಡೆ.

"ನೀವು... ಅವರಾ?" ಅಂದರೆ: "ಹೌದು." ಅಷ್ಟೇ, ಮುಂದೆ ಒಂದಕ್ಷರ ಬೇಡ. ಆಪರೇಷನ್, ಮದುವೆ, ಮಕ್ಕಳು ಹೇಗೆ ಹುಟ್ಟಿದರು ಅನ್ನುವ ಪ್ರಶ್ನೆಗೆ: "ಅದು ನಮ್ಮನೆ ವಿಷಯ." ನಗುತ್ತಲೇ ಹೇಳಬಹುದು.

ಪಾರ್ಕಿನ ಮಕ್ಕಳು "ಆಂಟಿ, ನಿಮ್ಮ ವಾಯ್ಸ್ ಯಾಕೆ ಅಂಕಲ್ ಥರ ಇದೆ?" ಅಂತ ಕೇಳಿದರೆ: "ನನ್ನ ದನಿ ಹಂಗೇನೇ. ನಿನ್ನ ಹೆಸರೇನು?" ಮಕ್ಕಳ ಹತ್ತಿರ ಕೋಪ ಮಾಡಿಕೊಂಡರೆ ಅವರಮ್ಮ ಎದ್ದು ಬರುತ್ತಾಳೆ, ಕಥೆ ಬೇರೆಯಾಗುತ್ತದೆ.

ಕೆಲವರು ಕೈಮುಗಿದು ಹತ್ತು ರೂಪಾಯಿ ಕೊಟ್ಟು "ಆಶೀರ್ವಾದ ಮಾಡಿ" ಅನ್ನುತ್ತಾರೆ. ಅವಮಾನ ಮಾಡುವ ಉದ್ದೇಶ ಇರುವುದಿಲ್ಲ, ಆದರೆ ಮಗಳು ನೋಡುತ್ತಿರುತ್ತಾಳೆ. ನಾನು ದುಡ್ಡು ವಾಪಸ್ ಕೊಟ್ಟು "ಒಳ್ಳೇದಾಗಲಿ ತಾಯಿ, ನಾನು ಮಕ್ಕಳ ಜೊತೆ ಬಂದಿದ್ದೀನಿ" ಅನ್ನುತ್ತೇನೆ. ಜೋಗತಿ ಅಥವಾ ಹಿಜ್ರಾ ಪರಂಪರೆಯವರಿಗೆ ಆಶೀರ್ವಾದ ಬದುಕಿನ ಭಾಗವೇ, ಅವರು ಏನು ಮಾಡಬೇಕು ಅಂತ ನಾನು ಹೇಳುವುದಿಲ್ಲ. ಮಕ್ಕಳಿಗೆ ಮೊದಲೇ ವಿವರಿಸಿಡಿ, ಅಷ್ಟು ಸಾಕು.

ಬೈಗುಳಕ್ಕೆ ಉತ್ತರ ಇಲ್ಲ. ಮಕ್ಕಳ ಕೈ ಹಿಡಿಯಿರಿ, ನಡೆಯಿರಿ. ಒಬ್ಬರೇ ಇದ್ದಾಗ ಬೇಕಾದರೆ ಉಗಿದು ಬನ್ನಿ. ಮಕ್ಕಳು ಜೊತೆಗಿದ್ದಾಗ ಇಲ್ಲ.

ಹಂತ 6: ಬಸ್ಸು, ಶೌಚಾಲಯ

ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದಾಗಿಂದ ಮಹಿಳೆಯರ ಜೊತೆ ಲಿಂಗತ್ವ ಅಲ್ಪಸಂಖ್ಯಾತರಿಗೂ ರಾಜ್ಯದೊಳಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಇದೆ. ರಾಜಹಂಸ, ಐರಾವತದಂಥ ಬಸ್ಸುಗಳಿಗೆ ಇಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಬೇಕು.

ತೊಡಕು ಎಲ್ಲಿ ಅಂದರೆ, ಚೀಟಿಯಲ್ಲಿ ಇನ್ನೂ "ಪುರುಷ" ಅಂತ ಇದ್ದರೆ ಕಂಡಕ್ಟರ್ ಇಡೀ ಬಸ್ಸಿಗೆ ಕೇಳುವ ಹಾಗೆ "ಇದು ಯಾರದ್ರೀ?" ಅನ್ನುತ್ತಾನೆ. ಆದ್ದರಿಂದ ಚೀಟಿ ಬದಲಾಗುವವರೆಗೆ, ಮಕ್ಕಳ ಜೊತೆ ಹೋಗುವಾಗ ಸುಮ್ನೆ ದುಡ್ಡು ಕೊಟ್ಟು ಟಿಕೆಟ್ ತಗೊಳ್ಳಿ. ಹಕ್ಕು ಅಲ್ವಾ ಅಂತ ಕೇಳುತ್ತೀರಿ. ಹಕ್ಕೇ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯ್ದೆಯ 3ನೇ ಸೆಕ್ಷನ್ ಶಾಲೆ, ಆಸ್ಪತ್ರೆ, ಸಾರ್ವಜನಿಕ ಜಾಗ ಎಲ್ಲೂ ತಾರತಮ್ಯ ಮಾಡಬಾರದು ಅನ್ನುತ್ತದೆ. ಆದರೆ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ನಿದ್ದೆ ಬಂದ ಮಗು ಇರುವಾಗ ಹೋರಾಟಕ್ಕೆ ಮೂರನೇ ಕೈ ಇಲ್ಲ. ಬಸ್ ನಂಬರ್, ಹೊತ್ತು ಬರೆದಿಟ್ಟುಕೊಳ್ಳಿ, ದೂರನ್ನು ಮನೆಯಿಂದ ಕೊಡಿ.

ಕೂರುವುದು ಬಾಗಿಲ ಹತ್ತಿರ. ಮೊದಲ ಸಲ ಮೂರು ಸ್ಟಾಪ್ ಸಾಕು, ಬೆಳಗ್ಗೆ 11ರಿಂದ ಮಧ್ಯಾಹ್ನ 3ರ ನಡುವೆ.

ಶೌಚಾಲಯ ಇದೆಲ್ಲಕ್ಕಿಂತ ತಲೆನೋವು. ಹೊರಡುವ ಮೊದಲು ಎಲ್ಲರೂ ಮನೆಯಲ್ಲೇ ಹೋಗಿ ಬನ್ನಿ. ದಾರಿಯಲ್ಲಿ ಒಂದೇ ಕೋಣೆಯ ಶೌಚಾಲಯ ಇರುವ ಹೋಟೆಲ್ಲು, ಪೆಟ್ರೋಲ್ ಬಂಕ್ ಯಾವುದು ಅಂತ ಮೊದಲೇ ನೋಡಿಡಿ. ಟ್ರಾನ್ಸ್ ಅಪ್ಪಂದಿರಿಗೆ ಪುಟ್ಟ ಮಗಳನ್ನು ಗಂಡಸರ ಕಡೆ ಕರೆದೊಯ್ಯುವ ಸಂಕಟ ಬೇರೆ ಇದೆ, ಅವರಿಗೂ ಇದೇ ದಾರಿ.

ಹಂತ 7: ಶಾಲೆಯ ಗೇಟು

ಇಲ್ಲಿಗೆ ಬರುವ ಮೊದಲು ನಾಲ್ಕನೇ ಹಂತ ಗಟ್ಟಿಯಾಗಿರಬೇಕು. ಶಾಲೆಗೆ ಮೊದಲ ಸಲ ಹೋಗುವುದು ವಾರ್ಷಿಕೋತ್ಸವಕ್ಕೋ ಪೋಷಕರ ಸಭೆಗೋ ಆಗಬಾರದು. ಮುಖ್ಯೋಪಾಧ್ಯಾಯರ ಹತ್ತಿರ ಮೊದಲೇ ಹೊತ್ತು ಕೇಳಿ, ತರಗತಿ ನಡೆಯುವಾಗ ಹೋಗಿ, ಕಾಲು ಗಂಟೆಯಲ್ಲಿ ಮೂರೇ ವಿಷಯ ಮಾತಾಡಿ: ಮಗುವನ್ನು ಕರೆದೊಯ್ಯಲು ಬರುವವರು ಯಾರು, ಮೈಕಿನಲ್ಲಿ, ಫೋನಿನಲ್ಲಿ ನಿಮ್ಮನ್ನು ಯಾವ ಹೆಸರಿನಿಂದ ಕರೆಯಬೇಕು, ಬೇರೆ ಮಕ್ಕಳು ಕೇಳಿದರೆ ಟೀಚರ್ ಏನು ಹೇಳಬೇಕು. ಮೂರನ್ನೂ ಒಂದು ಪತ್ರದಲ್ಲಿ ಬರೆದು ಕೊಟ್ಟು, ನಕಲಿನ ಮೇಲೆ ಸ್ವೀಕರಿಸಿದ ಸಹಿ ಹಾಕಿಸಿಕೊಳ್ಳಿ. ನಾನು ಬಾಯಲ್ಲಿ ಮಾತ್ರ ಹೇಳಿ ಬಂದಿದ್ದೆ. ಬಹುಮಾನ ವಿತರಣೆ ದಿನ ಇಡೀ ಸಭೆಯ ಮುಂದೆ ನನ್ನ ಹಳೇ ಹೆಸರು "ಶ್ರೀ" ಸಮೇತ ಮೈಕಿನಲ್ಲಿ ಬಂತು. ಮಗಳು ವೇದಿಕೆ ಮೇಲೆ ಬಹುಮಾನ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಎದ್ದು ನಿಂತು ಚಪ್ಪಾಳೆ ತಟ್ಟಿದೆ, ಇನ್ನೇನು ಮಾಡಲಿ.

ಮುಖ್ಯೋಪಾಧ್ಯಾಯರಿಗಿಂತ ಮುಖ್ಯವಾದವರು ಗೇಟಿನ ಕಾವಲಿನವರು, ಆಯಾ, ವ್ಯಾನ್ ಡ್ರೈವರ್. ದಿನಾ ನಿಮ್ಮನ್ನು ನೋಡುವವರು, ಮಗುವನ್ನು ನಿಮ್ಮ ಕೈಗೆ ಕೊಡುವವರು ಅವರು. ಹೆಸರು ಹೇಳಿ ಪರಿಚಯ ಮಾಡಿಕೊಳ್ಳಿ. ನಮ್ಮ ಆಯಾ ಈಗ ನನ್ನ ಪರವಾಗಿ ಬೇರೆ ತಾಯಂದಿರಿಗೆ ಬುದ್ಧಿ ಹೇಳುತ್ತಾಳೆ, ನಾನು ಕೇಳದೇ ಇದ್ದರೂ.

ಒಂದನೇ ತರಗತಿಗೆ ಸೇರಿಸುವಾಗ "ಪೋಷಕರ ಸಂದರ್ಶನ" ಅಂತ ಕರೆದು ಪ್ರಶ್ನೆ ಕೇಳುತ್ತಿದ್ದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ನೆನಪಿಸಿ. ಮಗುವನ್ನಾಗಲಿ ಪೋಷಕರನ್ನಾಗಲಿ ಹಾಗೆ ಜರಡಿ ಹಿಡಿಯುವುದನ್ನು ಅದು ನಿಷೇಧಿಸುತ್ತದೆ.

ಫಾರ್ಮಿನಲ್ಲಿ ತಂದೆ, ತಾಯಿ ಅಂತ ಎರಡೇ ಜಾಗ ಇರುತ್ತದೆ. ಕೇರಳ ಹೈಕೋರ್ಟ್ 2025ರ ಜೂನ್‌ನಲ್ಲಿ ಒಂದು ಟ್ರಾನ್ಸ್ ದಂಪತಿಯ ಮಗುವಿನ ಜನನ ಪತ್ರದಲ್ಲಿ ತಂದೆ-ತಾಯಿ ಬದಲು "ಪೋಷಕರು" ಅಂತ ಬರೆಯಲು ಹೇಳಿತು. ನಮ್ಮಲ್ಲಿ ಫಾರ್ಮು ಸಿಕ್ಕಾಗ ಆವೇಶದಲ್ಲಿ ಮನಸ್ಸಿಗೆ ಬಂದ ಹಾಗೆ ತುಂಬಬೇಡಿ. ಜನನ ಪ್ರಮಾಣಪತ್ರದಲ್ಲಿ ಇರುವಂತೆಯೇ ತುಂಬಿ, ಹೆಸರು ಬದಲಾದದ್ದಕ್ಕೆ ಜೊತೆಗೆ ಪತ್ರ ಲಗತ್ತಿಸಿ. ದಾಖಲೆಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಆಮೇಲೆ ಕಚೇರಿ ಅಲೆಯಬೇಕಾದದ್ದು ಮಗು.

ಮಕ್ಕಳ ವಾಟ್ಸಾಪ್ ಗ್ರೂಪಿನಲ್ಲಿ ಉದ್ದುದ್ದ ಪರಿಚಯ ಬರೆಯಬೇಡಿ. "ನಾನು ಇಂಥವಳ ಅವ್ವ, ಇದು ನನ್ನ ನಂಬರ್." ಸಾಕು. ಹೋಂವರ್ಕ್ ಫೋಟೋ ಕೇಳುವ ತಾಯಂದಿರಿಗೆ ಬೇಗ ಕಳಿಸಿ. ಗೌರವ ಆ ದಾರಿಯಲ್ಲಿ ಸಲೀಸಾಗಿ ಬರುತ್ತದೆ ಅನ್ನುವುದು ನನ್ನ ಅನುಭವ, ಸ್ವಲ್ಪ ನಗು ಬಂದರೂ.

ಮದುವೆ ಮನೆ, ಊರ ಹಬ್ಬ ಇದಾದ ಮೇಲೆ. ಅಲ್ಲಿ ಅಪರಿಚಿತರಿಗಿಂತ ಪರಿಚಿತರು ಕಷ್ಟ. ಧಾರೆ ಹೊತ್ತಿಗೆ ಹೋಗಿ, ಒಬ್ಬ ನೆಚ್ಚಿನ ಅತ್ತೆಯ ಪಕ್ಕ ಕೂತು, ಊಟ ಮಾಡಿ ಬನ್ನಿ. ಉಳಿದುಕೊಳ್ಳಲು ಹೋಗಬೇಡಿ.

ಕೆಟ್ಟ ದಿನ ಬಂದರೆ

ಜನ ಸುತ್ತುಗಟ್ಟಿದರೆ ಓಡಬೇಡಿ. ಓಡಿದರೆ ಕಳ್ಳರು ಅಂತಲೇ ಅಂದುಕೊಳ್ಳುತ್ತಾರೆ. ಹತ್ತಿರದ ಮೆಡಿಕಲ್ ಶಾಪ್, ಬ್ಯಾಂಕು, ಹೋಟೆಲ್ಲು ಯಾವುದಾದರೂ ಒಳಗೆ ನಡೆದು ಹೋಗಿ, ಕ್ಯಾಮೆರಾ ಇರುವ ಕಡೆ. ಮಗುವನ್ನು ಎದೆಗೆ ಆನಿಸಿಕೊಳ್ಳಿ, ಯಾರ ಕೈಗೂ ಕೊಡಬೇಡಿ. 112ಕ್ಕೆ ಕರೆ ಮಾಡಿ, ಜಾಗದ ಹೆಸರು ಗಟ್ಟಿಯಾಗಿ ಹೇಳಿ, ಸುತ್ತಲಿದ್ದವರಿಗೂ ಕೇಳಲಿ. ಮಗುವಿನ ಇನ್ನೊಬ್ಬ ಪೋಷಕರಿಗೋ ಅಜ್ಜಿಗೋ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿ. ಆಲ್ಬಂ ತೋರಿಸಿ. ಗುಂಪಿನಲ್ಲಿ ಒಬ್ಬ ಹೆಂಗಸನ್ನು ಹುಡುಕಿ, ಅವಳ ಕಣ್ಣು ನೋಡಿ "ಅಕ್ಕಾ, ಇಲ್ಲಿ ನನ್ನ ಪಕ್ಕ ನಿಂತ್ಕೊಳ್ಳಿ" ಅನ್ನಿ. ಎಲ್ಲರಿಗೂ ಒಟ್ಟಿಗೆ ಹೇಳಿದರೆ ಯಾರೂ ಬರುವುದಿಲ್ಲ.

ಗುರುತಿಲ್ಲದ ಊರಿಗೆ ಮಕ್ಕಳ ಜೊತೆ ಒಬ್ಬರೇ ಹೋಗುವುದನ್ನು ಆದಷ್ಟು ತಪ್ಪಿಸಿ. ವದಂತಿ ಓಡಾಡುತ್ತಿರುವ ವಾರಗಳಲ್ಲಿ ಹೋಗಲೇಬೇಡಿ.

ಮನೆಗೆ ಬಂದ ಮೇಲೆ ಮಕ್ಕಳ ಹತ್ತಿರ "ಏನೂ ಆಗಿಲ್ಲ" ಅನ್ನಬೇಡಿ, ಆಗಿದ್ದನ್ನು ಅವರು ನೋಡಿದ್ದಾರೆ. "ಅವರು ತಪ್ಪು ಮಾಡಿದರು, ನಂಗೂ ಭಯ ಆಯ್ತು, ಈಗ ಮನೇಲಿ ಇದ್ದೀವಿ" ಅನ್ನಿ. ಊಟ ಹಾಕಿ, ಮಲಗಿಸಿ. ನಿಮ್ಮ ಅಳು ಅವರು ಮಲಗಿದ ಮೇಲೆ. ಯಾರೂ ಇಲ್ಲ ಅನಿಸಿದರೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ನಿಲ್ಲಿಸಿ ಹಿಂದೆ ಬರಬೇಕಾದ ಸೂಚನೆಗಳು

ಶಾಲೆ ಇರುವ ದಿನ ಮಾತ್ರ ಮಗುವಿಗೆ ಹೊಟ್ಟೆನೋವು. ಹೊರಗೆ ನಿಮ್ಮನ್ನು ಕರೆಯುವುದೇ ನಿಲ್ಲಿಸಿದೆ. ಗೆಳೆಯರನ್ನು ಮನೆಗೆ ಕರೆಯುತ್ತಿದ್ದವಳು ಈಗ ಕರೆಯುವುದಿಲ್ಲ. ನಡೆಯುವಾಗ ಆಟದ ಕಡೆ ನೋಡದೆ ಜನರ ಮುಖಗಳನ್ನು ನೋಡುತ್ತಿದೆ. ಇದರಲ್ಲಿ ಎರಡು ಕಂಡರೂ ಮುಂದಿನ ಹಂತಕ್ಕೆ ಹೋಗಬೇಡಿ.

ನಿಮ್ಮ ಕಡೆಯದು: ಹೊರಡುವ ಹೊತ್ತಿಗೆ ಸರಿಯಾಗಿ ಮನೆಕೆಲಸ ನೆನಪಾಗುವುದು, ದಾರಿಯಲ್ಲಿ ಸಣ್ಣ ತಪ್ಪಿಗೂ ಮಕ್ಕಳ ಮೇಲೆ ರೇಗುವುದು, ಎಲ್ಲಿಗೆ ಹೋದರೂ ಮಗುವನ್ನು ಎತ್ತಿಕೊಂಡೇ ಇರುವುದು. ಕೊನೆಯದು ನನಗೆ ತಡವಾಗಿ ಗೊತ್ತಾಯಿತು. ಮಗ ನಡೆಯಬೇಕು ಅಂತ ಒದ್ದಾಡುತ್ತಿದ್ದ, ನಾನು ಅವನನ್ನು ಗುರಾಣಿ ಹಾಗೆ ಎದೆಗೆ ಅವಚಿಕೊಂಡಿದ್ದೆ.

ಮಗಳು ಒಂದಿನ "ನಾಳೆ ಶಾಲೆಗೆ ಅಮ್ಮನೇ ಬರಲಿ" ಅಂದರೆ ಎದೆ ಹಿಂಡುತ್ತದೆ. ಕಾರಣ ಕೇಳಿ ಪೀಡಿಸಬೇಡಿ, ಅಮ್ಮನನ್ನು ಕಳಿಸಿ. ಒಂದು ವಾರ ಬಿಟ್ಟು, ಮಲಗುವ ಹೊತ್ತಿನಲ್ಲಿ, ದೀಪ ಆರಿಸಿದ ಮೇಲೆ ಕೇಳಿ. ನನ್ನ ಮಗಳು ಹೇಳಿದ ಕಾರಣ ನಾನು ಅಂದುಕೊಂಡಿದ್ದಲ್ಲ: ಅಮ್ಮ ಬಂದರೆ ದಾರಿಯಲ್ಲಿ ಐಸ್‌ಕ್ಯಾಂಡಿ ಕೊಡಿಸುತ್ತಾಳೆ, ನಾನು ಕೊಡಿಸುವುದಿಲ್ಲ. ನಿಮ್ಮ ಮಗುವಿನ ಕಾರಣ ನಿಜಕ್ಕೂ ಕಷ್ಟದ್ದೇ ಇರಬಹುದು. ಆಗ ಎರಡು ವಾರ ಶಾಲೆ ಗೇಟು ಬಿಟ್ಟು ಮತ್ತೆ ನಾಲ್ಕನೇ ಹಂತಕ್ಕೆ ಹೋಗಿ, ಅದೇ ಕೆರೆ ದಂಡೆ, ಅದೇ ಹೊತ್ತು, 20 ನಿಮಿಷ.